ಹಸಿರು ಒತ್ತಿದ ಕೈ

ವೃದ್ಧಾಶ್ರಮದ ಊಟದ ಕೋಣೆಗೆ ಕಾಲಿಟ್ಟ ತಕ್ಷಣ ನಮ್ಮ ದಫೇದಾರರು ಬಾಯಿಗೆ ಕರವಸ್ತ್ರ ಹಿಡಿದು ಹೊರಗೆ ಓಡಿದರು. ನನಗೆ ಆ ಭಾಗ್ಯ ಇರಲಿಲ್ಲ. ಇನ್‌ಸ್ಪೆಕ್ಟರಮ್ಮನೇ ಓಡಿದರೆ ಠಾಣೆಯ ಮರ್ಯಾದೆ ಏನಾಗಬೇಕು?

ನೆಲದ ತುಂಬ ವಾಂತಿ. ಮೇಜು ಕುರ್ಚಿಗಳನ್ನು ಮೂಲೆಗೆ ತಳ್ಳಿ ಹಾಸಿಗೆ ಹಾಸಿದ್ದರು. ಕೆಲವರು ನರಳುತ್ತಿದ್ದರು. ಕೆಲವರಿಗೆ ನರಳುವ ಶಕ್ತಿಯೂ ಉಳಿದಿರಲಿಲ್ಲ. ಆಯಾಗಳು ಒಂದು ಕಡೆ ಒರೆಸುವಷ್ಟರಲ್ಲಿ ಇನ್ನೊಂದು ಕಡೆ ಯಾರೋ ಕಕ್ಕುತ್ತಿದ್ದರು. ಕಿಟಕಿಯ ಪಕ್ಕದ ಹಾಸಿಗೆಗೆ ಮಾತ್ರ ಮುಖದವರೆಗೂ ಬಿಳಿ ಬಟ್ಟೆ ಹೊದಿಸಿದ್ದರು.

"ಗಡಿಯಾರದ ತಾತ," ಎಂದಳು ಒಬ್ಬ ಆಯಾ. "ಇಲ್ಲಿರೋ ಎಲ್ಲರ ಗಡಿಯಾರ ಅವರೇ ರಿಪೇರಿ ಮಾಡ್ತಿದ್ರು. ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ ಮೈ ತಣ್ಣಗಾಗಿತ್ತು."

ಡಾಕ್ಟರು ಕೈಗವಸು ಕಳಚುತ್ತ ಬಂದರು. "ರಾತ್ರಿ ಊಟಕ್ಕೆ ಮೊಟ್ಟೆ ಪುಡಿಂಗ್ ಕೊಟ್ಟಿದ್ದಾರೆ. ತಿಂದೋರೆಲ್ಲ ಮಲಗಿದ್ದಾರೆ. ತಿನ್ನದ ಕಾವಲುಗಾರ ಗುಂಡುಕಲ್ಲಿನ ಹಾಗಿದ್ದಾನೆ."

"ಮೊಟ್ಟೆ ಕೆಟ್ಟಿತ್ತಾ?"

"ಕೆಟ್ಟಿತ್ತು ಅನ್ನೋದು ದೊಡ್ಡ ಮರ್ಯಾದೆಯ ಮಾತು. ಕೊಳೆತಿತ್ತು."

ಅಡುಗೆಯವನನ್ನು ಹಿಡಿದು ನಿಲ್ಲಿಸಿದೆ. ಡಬ್ಬದಲ್ಲಿ ಬರುವ, ಒಡೆದು ಕಲಸಿಟ್ಟ ಮೊಟ್ಟೆಯನ್ನೇ ಅವನು ಬಳಸುವುದು. ಡಬ್ಬ ಬಂದದ್ದು ಪೇಟೆಯಾಚೆಯ ಮೊಟ್ಟೆ ಕಾರ್ಖಾನೆಯಿಂದ. ಬಂದ ಕೂಡಲೇ ಫ್ರಿಜ್ಜಿಗೆ ಇಟ್ಟಿದ್ದ. ಆಯಾಗಳೂ ಅದನ್ನು ಕಂಡಿದ್ದರು.

"ಡಬ್ಬ ತೆಗೆದಾಗ ವಾಸನೆ ಬರಲಿಲ್ವೇನಯ್ಯಾ?"

ಅವನು ಕಾಲಿನ ಹೆಬ್ಬೆರಳು ನೋಡಿಕೊಂಡ. "ಏನೋ ಒಂಥರಾ ಅನ್ನಿಸ್ತು ಮೇಡಂ. ಅದಕ್ಕೇ ಎಸೆನ್ಸ್ ಸ್ವಲ್ಪ ಜಾಸ್ತಿ ಹಾಕಿದೆ."

ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು. ಹಲ್ಲಿಲ್ಲದ ಮುದುಕರ ಬಾಯಿಗೆ ಕೊಳೆತದ್ದನ್ನು ಹಾಕಲು ಇವನು ಅದಕ್ಕೆ ಸುಗಂಧ ಬೆರೆಸಿದ್ದಾನೆ. ಡಬ್ಬದ ತಳದಲ್ಲಿ ಉಳಿದದ್ದನ್ನು ಬಾಟಲಿಗೆ ತುಂಬಿಸಿ ಮುಚ್ಚಳ ಬಿಗಿ ಮಾಡಿಸಿದೆ.

ಹೊರಗೆ ಜಗಲಿಯಲ್ಲಿ ತಾತನ ಮಗ ನಿಂತಿದ್ದ. ಬಸ್ ಡ್ರೈವರು. ಬಸ್ಸನ್ನು ಅರ್ಧ ದಾರಿಯಲ್ಲೇ ಇನ್ನೊಬ್ಬರಿಗೆ ಒಪ್ಪಿಸಿ ಯೂನಿಫಾರಂನಲ್ಲೇ ಬಂದಿದ್ದ.

"ಮೇಡಂ, ಇದನ್ನ ನೋಡಿ, ಸರಿಯಿದೆ ಅಂತ ಕಳಿಸಿದೋರು ಯಾರೋ ಒಬ್ರು ಇರ್ತಾರಲ್ಲ?"

"ಇರ್ತಾರೆ."

"ಅವರ ಮುಖ ಒಂದ್ಸಲ ನನಗೆ ತೋರಿಸಿ. ನಾನೇನೂ ಮಾಡಲ್ಲ. ನೋಡ್ಬೇಕು, ಅಷ್ಟೇ."

ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

* * *

ಕಾರ್ಖಾನೆಯ ಮ್ಯಾನೇಜರು ಗೇಟಿನವರೆಗೂ ಬಂದು ಎದುರುಗೊಂಡರು. ಕಣ್ಣಲ್ಲಿ ನೀರು, ಬಾಯಲ್ಲಿ ಜೇನು. ಮೈಯಿಂದ ಸೆಂಟಿನ ಘಮಲು ಎಷ್ಟು ಹೊಡೆಯುತ್ತಿತ್ತೆಂದರೆ ದಫೇದಾರರು ಸೀನಿದರು.

"ಆ ಹಿರಿಯರು ನಮ್ಮ ತಂದೆ ಇದ್ದ ಹಾಗೆ ಮೇಡಂ. ಆಸ್ಪತ್ರೆಗೆ ಹಣ್ಣಿನ ಬುಟ್ಟಿ ಕಳಿಸಿದ್ದೀನಿ. ಏನು ಬೇಕೋ ಕೇಳಿ, ಮುಚ್ಚುಮರೆ ಇಲ್ಲ."

ಒಳಗೆ ಯಂತ್ರದಿಂದ ಓಡುವ ಉದ್ದನೆಯ ಪಟ್ಟಿಯ ಮೇಲೆ ಮೊಟ್ಟೆಯ ತಟ್ಟೆಗಳು ಹರಿದು ಬರುತ್ತಿದ್ದವು. ಪಟ್ಟಿಯ ಎರಡೂ ಕಡೆ ಬಿಳಿ ಏಪ್ರನ್, ಬಿಳಿ ತಲೆಗವಸು ತೊಟ್ಟ ಹೆಂಗಸರು. ನಡುವೆ ಒಂದು ಕ್ಯಾಮೆರಾ, ಕೆಳಗಿನಿಂದ ಬೆಳಕು. ಚಿಪ್ಪಿನ ಮೂಲಕ ಮೊಟ್ಟೆಯ ಹೊಟ್ಟೆಯೊಳಗನ್ನೇ ನೋಡಿ ಗುರುತಿಸುವ ಕೃತಕ ಬುದ್ಧಿಯ ಯಂತ್ರವಂತೆ. ಹೆಂಗಸರು ಅದನ್ನು 'ಕಣ್ಣು' ಎಂದೇ ಕರೆಯುತ್ತಿದ್ದರು.

"ಕಣ್ಣಿಗೆ ಅನುಮಾನ ಬಂದ್ರೆ ಕೆಂಪು ದೀಪ ಹತ್ತುತ್ತೆ, ತಟ್ಟೆ ನಿಲ್ಲುತ್ತೆ," ಎಂದರು ಮ್ಯಾನೇಜರು. "ಆಗ ನಮ್ಮ ಅಕ್ಕಂದಿರು ಒಂದು ಮೊಟ್ಟೆ ಒಡೆದು ಮೂಸಿ ನೋಡ್ತಾರೆ. ಸರಿಯಿದ್ರೆ ಹಸಿರು ಒತ್ತಿ ಕಾರಣ ಹೇಳ್ತಾರೆ, ತಟ್ಟೆ ಮುಂದೆ ಹೋಗುತ್ತೆ. ಇಲ್ಲದಿದ್ರೆ ತಿಪ್ಪೆಗೆ. ಯಂತ್ರ ತೋರಿಸುತ್ತೆ, ತೀರ್ಮಾನ ಮನುಷ್ಯರದ್ದು. ಆಸ್ಪತ್ರೆ, ಆಶ್ರಮದೋರೆಲ್ಲ ನಮ್ಮನ್ನ ನಂಬೋದೇ ಅದಕ್ಕೆ."

"ಆಶ್ರಮಕ್ಕೆ ಹೋದ ಡಬ್ಬದ ಕಥೆ ಏನು?"

ಅವರು ನಿಟ್ಟುಸಿರು ಬಿಟ್ಟರು. ಮೇಲಿನ ಆಫೀಸಿಗೆ ಕರೆದೊಯ್ದು ಕಂಪ್ಯೂಟರಿನ ತೆರೆ ತಿರುಗಿಸಿದರು. ಆ ಡಬ್ಬಕ್ಕೆ ಹೋದ ತಟ್ಟೆಗಳಿಗೆಲ್ಲ ಕಣ್ಣು ಕೆಂಪು ತೋರಿಸಿತ್ತು. ಪ್ರತಿ ಕೆಂಪಿನ ಪಕ್ಕದಲ್ಲೂ ಒಂದು ಹಸಿರು. ಹಸಿರಿನ ಮುಂದೆ ಒಬ್ಬ ಹೆಂಗಸಿನ ಹೆಸರು, ಅವಳು ಕೊಟ್ಟ ಕಾರಣ: 'ಮೂಸಿ ನೋಡಿದೆ. ವಾಸನೆ ಸರಿಯಿದೆ.'

"ಯಾರಿದು?"

"ದೊಡ್ಡಕ್ಕ ಅಂತೀವಿ. ಇಡೀ ಕಾರ್ಖಾನೆಗೇ ಚುರುಕು ಮೂಗು. ಯಾಕೆ ಹೀಗೆ ಮಾಡಿದ್ರೋ. ಅವರನ್ನ ನಾನು ಒಡಹುಟ್ಟಿದ ಅಕ್ಕನ ಹಾಗೆ ನೋಡ್ತಿದ್ದೆ ಮೇಡಂ."

ಯಂತ್ರ ತಯಾರಿಸಿದ ಎಂಜಿನಿಯರು ಬೇರೆ ಊರಿನಲ್ಲಿದ್ದ. ಫೋನು ಮಾಡಿದೆ. ಅವನ ಮಾತಿನಲ್ಲಿ ತಡವರಿಕೆ ಇರಲಿಲ್ಲ.

"ಕೆಂಪು ತಾನಾಗಿ ಹಸಿರಾಗೋಕೆ ಸಾಧ್ಯವೇ ಇಲ್ಲ ಮೇಡಂ. ನಾವು ಕಟ್ಟಿರೋದೇ ಹಾಗೆ. ಮನುಷ್ಯರು ಉತ್ತರ ಕೊಡಲೇಬೇಕು. ಗುಮಾನಿ ಪಡೋದು ಯಂತ್ರಕ್ಕೆ ಬರುತ್ತೆ. ಜವಾಬ್ದಾರಿ ಹೊರೋದು ಬರಲ್ಲ. ಅದಕ್ಕೇ ಪಕ್ಕದಲ್ಲಿ ಮನುಷ್ಯರನ್ನ ಕೂರಿಸಿ ಅಂದಿದ್ದು."

ಅಲ್ಲಿಗೆ ಯಂತ್ರ ನಿರಪರಾಧಿ. ಉಳಿದದ್ದು ದೊಡ್ಡಕ್ಕ.

ಕೆಳಗಿಳಿದು ಅವಳ ಮುಂದೆ ನಿಂತೆ. ಗಟ್ಟಿ ಮೈಕಟ್ಟಿನ, ನರೆತ ಕೂದಲಿನ ಹೆಂಗಸು. ಪಟ್ಟಿಯ ಕೊನೆಯಲ್ಲಿ ಬಿರುಕು ಬಿಟ್ಟ ಮೊಟ್ಟೆ ಆರಿಸುತ್ತಿದ್ದಳು. ತಲೆಗವಸನ್ನು ತಿರುವಿ ಹಾಕಿಕೊಂಡಿದ್ದಳು, ಹೊಲಿಗೆಯೆಲ್ಲ ಹೊರಗೆ. ನೆಟ್ಟಗೆ ಟೋಪಿ ಹಾಕಿಕೊಳ್ಳಲು ಬಾರದವಳ ಕೈಗೆ ಜನರ ಜೀವ ಕೊಟ್ಟಿದ್ದಾರಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

"ಹಸಿರು ಒತ್ತಿದ್ದು ನೀನೇನಾ?"

"ಇಲ್ಲ ಮೇಡಂ. ಈಗೀಗ ಕೆಂಪು ತಾನೇ ಹಸಿರಾಗುತ್ತೆ. ಕಣ್ಣು ಎರಡನೇ ಸಲ ನೋಡಿ ಹಾಗೆ ಮಾಡುತ್ತೆ ಅಂತ ಹೇಳಿದ್ದಾರೆ."

"ಯಾರು ಹೇಳಿದ್ದು?"

ಅವಳು ಮ್ಯಾನೇಜರ ಕಡೆ ನೋಡಿದಳು. ಅವರು ಪಾಪದವರ ಹಾಗೆ ತಲೆ ಅಲ್ಲಾಡಿಸಿದರು. "ಗುಂಡಿ ಒತ್ತದೆ ಹೇಗೆ ದೊಡ್ಡಕ್ಕಾ? ನಾನು ಯಾವಾಗ ಹಾಗಂದೆ?"

ಪಕ್ಕದ ಹೆಂಗಸರನ್ನು ಕೇಳಿದೆ. ಮ್ಯಾನೇಜರು ನನ್ನ ಬೆನ್ನಿಗೇ ನಿಂತಿದ್ದರು. ಎಲ್ಲರೂ ಮೊಟ್ಟೆ ನೋಡುತ್ತ ಕೂತರು. ದೊಡ್ಡಕ್ಕನನ್ನು ಜೀಪಿಗೆ ಹತ್ತಿಸಿದೆ.

* * *

ಠಾಣೆಯಲ್ಲಿ ಕೂರಿಸಿ ಬಾಟಲಿ ಎದುರಿಗಿಟ್ಟೆ.

"ಇದೇ. ಮುದುಕರು ತಿಂದದ್ದು."

ಮುಚ್ಚಳ ತೆಗೆದೆ. ಬಿಸಿಲಿಗೆ ಜೀಪಿನಲ್ಲೇ ಇದ್ದ ಬಾಟಲಿ. ಸತ್ತ ಇಲಿಯನ್ನು ಚರಂಡಿಯಲ್ಲಿ ನೆನೆಹಾಕಿದ ಹಾಗೆ ಗಬ್ಬು ಮೇಲೆದ್ದಿತು. ದಫೇದಾರರು ಗೋಡೆಗೆ ಕೈಯೂರಿ ಓಕರಿಸಿದರು. ನನ್ನ ಕಣ್ಣಲ್ಲಿ ನೀರು ಬಂತು.

ದೊಡ್ಡಕ್ಕ ರೆಪ್ಪೆ ಮಿಟುಕಿಸಲಿಲ್ಲ. ಬಾಟಲಿಯನ್ನು ನೋಡುತ್ತ ಕೈಕಟ್ಟಿ ಕೂತಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಇದೆಂಥ ಕಲ್ಲು ಹೃದಯ! ಕಳ್ಳರನ್ನು ನೋಡಿದ್ದೇನೆ, ಕೊಲೆಗಾರರನ್ನು ನೋಡಿದ್ದೇನೆ. ತಾನು ಕೊಂದದ್ದರ ನಾತ ಮೂಗಿಗೆ ಬಡಿದರೂ ಸುಮ್ಮನೆ ಕೂತವಳನ್ನು ನೋಡಿರಲಿಲ್ಲ. ಅವಳ ಎದುರು ಕೂರುವುದೇ ಹೇಸಿಗೆ ಅನ್ನಿಸಿತು.

"ನಾಚಿಕೆ ಆಗಲ್ವಾ?"

"ನಾನು ಒತ್ತಿಲ್ಲ ಮೇಡಂ."

"ಹಾಗಾದ್ರೆ ಯಾರು?"

"ಗೊತ್ತಿಲ್ಲ. ನಾನು ಒತ್ತಿಲ್ಲ."

ಎಷ್ಟು ಕೇಳಿದರೂ ಅದೇ ಪಲ್ಲವಿ. ಅಷ್ಟರಲ್ಲಿ ಮೇಲಿನವರ ಫೋನು ಬಂತು. ಟಿವಿಯವರು 'ಜೀವ ತೆಗೆದ ಯಂತ್ರ' ಎಂದು ಬೆಳಗಿನಿಂದ ಅರಚುತ್ತಿದ್ದರು. ಇದು ಯಂತ್ರದ ತಪ್ಪಲ್ಲ, ಮನುಷ್ಯರ ತಪ್ಪು ಎಂದು ತೋರಿಸಲು ಸಾಹೇಬರಿಗೆ ಒಬ್ಬ ಮನುಷ್ಯಪ್ರಾಣಿ ಬೇಕಾಗಿತ್ತು. "ನಾಳೆ ಕೋರ್ಟಿಗೆ ಹಾಜರುಪಡಿಸಿ. ಸಾವಿಗೆ ಕಾರಣಳಾದಳು ಅಂತ ಕೇಸು ಹಾಕಿ. ಜಾಮೀನು ಸಿಗದ ಹಾಗೆ ನೋಡ್ಕೊಳ್ಳಿ."

ಹೂಂ ಎಂದೆ. ನನಗೂ ಅದೇ ಬೇಕಿತ್ತು.

ಸಂಜೆಯ ಹೊತ್ತಿಗೆ ಅವಳ ಮಗಳು ಬುತ್ತಿ ಹಿಡಿದು ಬಂದಳು. ಕಾಲೇಜು ಓದುವ ಹುಡುಗಿ. ತಾಯಿ ಮಗಳಿಬ್ಬರೇ ಇರುವ ಮನೆ. ಅಳಲಿಲ್ಲ, ನನ್ನ ಮೇಲೆ ಜಗಳಕ್ಕೇ ಬಂದಳು.

"ನಮ್ಮಮ್ಮ ಅಂಥೋಳಲ್ಲ ಮೇಡಂ. ಒಂದು ಹುಳುಕು ಬೇಳೆ ಕಂಡ್ರೆ ಇಡೀ ಡಬ್ಬ ಸುರೀತಾಳೆ. ಈಗ ಮೈಯಲ್ಲಿ ಹುಷಾರಿಲ್ಲ ಪಾಪ. ಜ್ವರ ಬಂದು ಹೋದಾಗಿನಿಂದ ಎಲ್ಲಾ ಮರೀತಾಳೆ. ಮೊನ್ನೆ ಒಲೆ ಮೇಲೆ ಹಾಲು ಸೀದು ಬೀದಿಗೆಲ್ಲ ವಾಸನೆ. ಇವಳು ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸ್ತಿದ್ಲು. ಗೊತ್ತೇ ಆಗಿಲ್ಲ. ನಾನು ಬೈದ್ರೆ ನಕ್ಕು ಸುಮ್ಮನಾದ್ಲು."

ಬುತ್ತಿ ಕೊಟ್ಟು ಕಳಿಸಿದೆ. ಕುರ್ಚಿಗೆ ಬಂದು ಕೂತೆ. ಫೈಲು ತೆರೆದೆ. ಬರೆಯಲು ಕೈ ಏಳಲಿಲ್ಲ.

ದಫೇದಾರರು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು. "ಮೇಡಂ, ಒಂದು ಮಾತು. ಎದೆ ಎಷ್ಟೇ ಗಟ್ಟಿ ಇರ್ಲಿ, ಮೂಗು ಮೂಗೇ ಅಲ್ವಾ? ಆ ಬಾಟಲಿ ತೆಗೆದಾಗ ಕಣ್ಣಾದ್ರೂ ಕಿರಿದಾಗಬೇಕಿತ್ತು."

ನಾನು ಫೈಲು ಮುಚ್ಚಿದೆ.

* * *

ಒಂದು ಬಟ್ಟೆಗೆ ಫಿನಾಯಿಲ್ ಸುರಿಸಿದೆ. ಇನ್ನೊಂದರಲ್ಲಿ ಹೆಚ್ಚಿದ ಈರುಳ್ಳಿ. ದೊಡ್ಡಕ್ಕನಿಗೆ ಕಣ್ಣು ಮುಚ್ಚು ಎಂದೆ. ಮೂಗಿನಿಂದ ಗೇಣು ದೂರದಲ್ಲಿ ಫಿನಾಯಿಲ್ ಹಿಡಿದೆ.

"ಇದೇನು ಹೇಳು."

ಅವಳು ಉಸಿರೆಳೆದುಕೊಂಡಳು. ಬಹಳ ಹೊತ್ತು ಯೋಚಿಸಿದಳು. "ನಿಂಬೆಹಣ್ಣು."

ಈರುಳ್ಳಿ ಹಿಡಿದೆ.

"ಸೋಪು," ಎಂದಳು. ಆಮೇಲೆ ಕಣ್ಣು ತೆರೆದಳು. ಕೈಯಲ್ಲಿದ್ದದ್ದನ್ನು ನೋಡಿದಳು. ಮುಖ ಮುಚ್ಚಿಕೊಂಡು ಬಿಕ್ಕಿದಳು.

"ಜ್ವರ ಬಿಟ್ಟಾಗಿನಿಂದ ಹೀಗೆ ಮೇಡಂ. ಹೂವು, ಹೊಲಸು ಎಲ್ಲಾ ಒಂದೇ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ಹೇಗೆ ಹೇಳ್ಲಿ? ಮೂಗಿಲ್ಲದೋಳು ಅಂತ ಆಫೀಸಿಗೆ ಗೊತ್ತಾದ್ರೆ ಅವತ್ತೇ ಮನೆಗೆ. ಗೊತ್ತಿದ್ದೂ ಬಚ್ಚಿಟ್ಟೋರೂ ಮನೆಗೆ. ಮೊದಲು ನಾವೇ ಹಸಿರು ಒತ್ತುವಾಗ ನನ್ನ ಪಾಲಿಂದು ಅವರೇ ಮೂಸಿ ನೋಡ್ತಿದ್ರು. ಅವರ ಅನ್ನಕ್ಕೆ ನಾನು ಮಣ್ಣು ಹಾಕ್ಲಾ?"

"ಎಲ್ಲರಿಗೂ ಗೊತ್ತಿತ್ತಾ?"

"ಪಟ್ಟಿ ಹತ್ರ ಕೆಲಸ ಮಾಡೋರಿಗೆಲ್ಲ ಗೊತ್ತು. ನೆಗಡಿಯೋ ಜ್ವರವೋ ಬಂದು ಯಾರ ಮೂಗು ಕಟ್ಟಿದ್ರೂ ಟೋಪಿ ತಿರುವಿ ಹಾಕ್ಕೋತೀವಿ. ಅವಳ ಹತ್ರ ಮೂಸೋಕೆ ಏನೂ ಕೊಡಬಾರದು ಅಂತ ಗುರುತು. ಅವಳು ಚಿಪ್ಪು ನೋಡೋ ಕೆಲಸ ಮಾಡ್ಬೇಕು. ಆಫೀಸಿನೋರು ನಮ್ಮ ಟೋಪಿ ಎಲ್ಲಿ ನೋಡ್ತಾರೆ?"

"ಜೈಲಿಗೆ ಹೋದ್ರೂ ಪರವಾಗಿಲ್ಲ ಅಂದ್ಕೊಂಡ್ಯಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಒತ್ತಿಲ್ಲ ಅಂತ ಹೇಳಿದ್ನಲ್ಲ ಮೇಡಂ. ನಿಜ ಹೇಳಿದ್ರೆ ನಂಬ್ತೀರಿ ಅಂದ್ಕೊಂಡೆ."

ನಾನು ಅವಳ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಬೆಳಗಿನಿಂದ ನಾನು ಯಾರನ್ನು ಕಂಡು ಹೇಸಿಗೆಪಟ್ಟಿದ್ದೆನೋ ಅವಳು ಜೊತೆಗಾರರ ಕೂಳು ಉಳಿಸಲು ತನ್ನ ಕೊರಳು ಕೊಟ್ಟು ಕೂತಿದ್ದಳು.

ಎಂಜಿನಿಯರಿಗೆ ಮತ್ತೆ ಫೋನು ಮಾಡಿದೆ. "ಮನುಷ್ಯರು ಉತ್ತರ ಕೊಡಬೇಕು ಅಂದ್ರಿ. ಉತ್ತರ ಕೊಟ್ಟದ್ದು ಮನುಷ್ಯರೇ ಅಂತ ನಿಮ್ಮ ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ?"

ಅವನು ಮೆಲ್ಲನೆ ಹೇಳಿದ, "ಅವರ ಹೆಸರಿನಲ್ಲಿ ಬಂದ್ರೆ ನಂಬುತ್ತೆ ಮೇಡಂ. ಮೊದಲ ಬಸ್ಸಿಗೇ ಬರ್ತೀನಿ."

* * *

ಮರುದಿನ ಬೆಳಿಗ್ಗೆ ಸಾಹೇಬರ ಹತ್ತಿರ ಕಾಡಿಬೇಡಿ ಮಧ್ಯಾಹ್ನದವರೆಗೆ ಗಡುವು ತೆಗೆದುಕೊಂಡೆ. ಅಷ್ಟರೊಳಗೆ ಏನೂ ಸಿಗದಿದ್ದರೆ ದೊಡ್ಡಕ್ಕ ಕೋರ್ಟಿಗೆ, ಅಲ್ಲಿಂದ ಜೈಲಿಗೆ.

ದಫೇದಾರರು ಕಾರ್ಖಾನೆಯ ಹಿಂದಿನ ತಿಪ್ಪೆಯಿಂದ ಕೊಳೆತ ಮೊಟ್ಟೆಗಳನ್ನು ಆರಿಸಿ ತಟ್ಟೆಗಳಲ್ಲಿ ಜೋಡಿಸಿದರು. ಈ ಜನ್ಮದಲ್ಲಿ ಇನ್ನು ಮೊಟ್ಟೆ ಮುಟ್ಟುವುದಿಲ್ಲ ಎಂದು ನನ್ನೆದುರೇ ಆಣೆ ಮಾಡಿದರು. ಎಂಜಿನಿಯರು ಬಂದಿದ್ದ, ಕೆದರಿದ ತಲೆ, ನಿದ್ದೆಯಿಲ್ಲದ ಕಣ್ಣು. ಪಟ್ಟಿಯ ಹೆಂಗಸರನ್ನೆಲ್ಲ ಅಂಗಳಕ್ಕೆ ಕಳಿಸಿದೆ. ಒಬ್ಬಳನ್ನೂ ಒಳಗೆ ಬಿಡಲಿಲ್ಲ. ದೊಡ್ಡ ಗಾಜಿನಾಚೆ ಅವರು ಸಾಲಾಗಿ ನಿಂತದ್ದು ಚೆನ್ನಾಗಿ ಕಾಣುತ್ತಿತ್ತು.

ಆಮೇಲೆ ಮ್ಯಾನೇಜರನ್ನು ಕರೆಸಿದೆ. ಸೆಂಟು ಮೊದಲು ಬಂತು, ಅವರು ಆಮೇಲೆ ಬಂದರು.

"ಇದೇನು ಮೇಡಂ, ಅಕ್ಕಂದಿರೆಲ್ಲ ಹೊರಗೆ?"

"ಸುಮ್ನೆ. ನಿಮ್ಮ ಕಣ್ಣು ಎಷ್ಟು ಚುರುಕು ಅಂತ ನೋಡೋಣ ಅಂತ. ಪಟ್ಟಿ ಓಡಿಸಿ."

"ಅವರಿಲ್ಲದೆ ಹೇಗೆ? ಒಂದು ನಿಮಿಷ, ಮೇಲೆ ಹೋಗಿ ಬರ್ತೀನಿ."

"ಮೇಲೆ ಏನಿದೆ?"

"ಏನಿಲ್ಲ, ಒಂದು ಫೋನು."

"ಇಲ್ಲೇ ಮಾಡಿ," ಎಂದು ಅವರ ತೋಳು ಹಿಡಿದೆ. ಅಂಗಿಯ ಒಳಗೆ ಬೆವರು ಹರಿಯುತ್ತಿತ್ತು. ಎಂಜಿನಿಯರು ಪಟ್ಟಿ ಓಡಿಸಿದ.

ಮೊದಲ ತಟ್ಟೆ ಕಣ್ಣಿನ ಕೆಳಗೆ ಬಂತು. ಕೆಂಪು ದೀಪ ಹತ್ತಿತು. ತಟ್ಟೆ ನಿಂತಿತು. ಯಂತ್ರ ತನಗೆ ಗೊತ್ತಿದ್ದ ಸತ್ಯವನ್ನು ಹೇಳಿ ಕಾಯುತ್ತಿತ್ತು. ಹಸಿರು ಗುಂಡಿಯ ಹತ್ತಿರ ಒಂದು ನರಪಿಳ್ಳೆಯಿಲ್ಲ. ಯಾರೋ ಮೊಟ್ಟೆ ಒಡೆದು ಮೂಸಿ ನೋಡಲು ಬೇಕಾಗುವಷ್ಟೇ ಹೊತ್ತು ಕಳೆಯಿತು.

ದೀಪ ಹಸಿರಾಯಿತು. ತಟ್ಟೆ ಮುಂದೆ ಹೋಯಿತು.

ಪಕ್ಕದ ತೆರೆಯ ಮೇಲೆ ಒಂದು ಹೆಸರು ಮೂಡಿತು. ಕೆಳಗೆ ಕಾರಣ: 'ಮೂಸಿ ನೋಡಿದೆ. ವಾಸನೆ ಸರಿಯಿದೆ.'

"ಯಾರ ಹೆಸರು ಇದು?" ಎಂದೆ.

ದಫೇದಾರರು ಗಾಜಿನ ಹತ್ತಿರ ಹೋಗಿ ಕೂಗಿ ಕೇಳಿದರು. ಅಂಗಳದಲ್ಲಿ ಕುಳ್ಳಗಿನ ಒಬ್ಬ ಹೆಂಗಸು ಕೈಯೆತ್ತಿದಳು. ಎಲ್ಲರೂ ಗಿಡ್ಡಿ ಎನ್ನುವವಳು. ಬಾಳೆಹಣ್ಣು ತಿನ್ನುತ್ತ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು.

ಎರಡನೇ ತಟ್ಟೆ ಬಂತು. ಕೆಂಪು. ಹಸಿರು. ಈ ಸಲ ಗಿಡ್ಡಿಯ ಪಕ್ಕದಲ್ಲಿ ನಿಂತವಳ ಹೆಸರು. 'ಒಡೆದು ನೋಡಿದೆ. ತೊಂದರೆಯಿಲ್ಲ.' ಕೊಳೆತ ಮೊಟ್ಟೆಗಳು ಒಂದರ ಹಿಂದೊಂದು, ಅಂಗಳದಲ್ಲಿ ನಿಂತ ಹೆಂಗಸರ ಹೆಸರು ಹೊತ್ತು, ಮೆರವಣಿಗೆಯಲ್ಲಿ ಹೋದವು. ಪಟ್ಟಿಯ ಕೊನೆಯಲ್ಲಿ ದಫೇದಾರರು ಒಂದೊಂದನ್ನೂ ತಡೆದು ಇಳಿಸಿಕೊಂಡರು.

ಒಬ್ಬ ಮುದುಕ ಸತ್ತು, ಒಬ್ಬ ಹೆಂಗಸು ಲಾಕಪ್ಪಿನಲ್ಲಿ ಕೂತ ಮೇಲೂ ಈ ಮನುಷ್ಯ ಈ ಆಟ ನಿಲ್ಲಿಸಿರಲಿಲ್ಲ. ದೊಡ್ಡಕ್ಕನ ಹೆಸರನ್ನು ಮಾತ್ರ ತೆಗೆದುಹಾಕಿದ್ದ.

ಎಂಜಿನಿಯರು ಮೇಲೆ ಹೋಗಿ ಮ್ಯಾನೇಜರ ಕಂಪ್ಯೂಟರು ತೆರೆದ. ಸ್ವಲ್ಪ ಹೊತ್ತಿಗೆ ಇಳಿದು ಬಂದ. ಮುಖ ಬಿಳಚಿಕೊಂಡಿತ್ತು.

"ಬರೆಯೋಕೆ ಸಹಾಯ ಮಾಡೋ ಇನ್ನೊಂದು ಕೃತಕ ಬುದ್ಧಿಯ ಪ್ರೋಗ್ರಾಂ ತಂದು ಕೂರಿಸಿದ್ದಾರೆ ಮೇಡಂ. ಕೆಂಪು ಬಂದಾಗಲೆಲ್ಲ ಪಾಳಿಯಲ್ಲಿರೋ ಹೆಂಗಸರ ಹೆಸರಿನಲ್ಲಿ ಅದೇ ಹಸಿರು ಕೊಡುತ್ತೆ. ತಕ್ಷಣ ಕೊಡಬೇಡ, ಮನುಷ್ಯರ ಹಾಗೆ ಸ್ವಲ್ಪ ತಡಮಾಡು ಅಂತಾನೂ ಅದಕ್ಕೆ ಹೇಳಿಕೊಟ್ಟಿದ್ದಾರೆ."

* * *

ಮ್ಯಾನೇಜರು ಕುರ್ಚಿಯಲ್ಲಿ ಕುಸಿದು ಕೂತರು. ಜೇನು ಒಣಗಿತ್ತು.

"ಯಾಕ್ರೀ ಹೀಗೆ ಮಾಡಿದ್ರಿ?"

"ಕಣ್ಣು ಸುಮ್ ಸುಮ್ನೆ ಕೆಂಪು ತೋರಿಸ್ತಿತ್ತು ಮೇಡಂ. ಪಟ್ಟಿ ನಿಂತ್ರೆ ಆರ್ಡರ್ ನಿಲ್ಲುತ್ತೆ."

"ಸುಮ್ನೆ ತೋರಿಸ್ತಿರ್ಲಿಲ್ಲ. ಮಾರದೆ ಉಳಿದ ಹಳೇ ಮೊಟ್ಟೆನ ಅಗ್ಗಕ್ಕೆ ತರಿಸೋಕೆ ಶುರು ಮಾಡಿದ್ರಿ. ನಿಮ್ಮ ಗೋದಾಮಿನೋನು ಬೆಳಿಗ್ಗೇನೇ ಎಲ್ಲಾ ಹೇಳಿದ್ದಾನೆ. ಅಂಥ ಮಾಲು ಬಂದ್ರೆ ಕಣ್ಣು ಕೆಂಪಾಗದೆ ಇನ್ನೇನಾಗುತ್ತೆ?"

ಉಳಿದದ್ದನ್ನು ನಾನೇ ಹೇಳಿದೆ. ಹೆಂಗಸರನ್ನೂ ಒಳಗೆ ಕರೆಸಿದ್ದೆ. ಅವರಿಗೂ ಗೊತ್ತಾಗಬೇಕಿತ್ತು.

"ಕೆಂಪು ಜಾಸ್ತಿಯಾದ್ರೆ ಮೂಸೋಕೆ ಜಾಸ್ತಿ ಜನ ಬೇಕು. ನೀವು ಇದ್ದೋರನ್ನೇ ಕಡಿಮೆ ಮಾಡಿದ್ರಿ. ಕಣ್ಣು ಈಗ ಕಲಿತಿದೆ, ತಾನೇ ಎರಡನೇ ಸಲ ನೋಡುತ್ತೆ, ನಿಮಗೆ ಹಗುರ ಅಂತ ಇವರನ್ನ ನಂಬಿಸಿದ್ರಿ. ಇವರು ಕೈ ಹಾಕದೆ ಕಾಯ್ತಿದ್ರು, ಹಸಿರಾಗಿ ತಟ್ಟೆ ಓಡಿಹೋಗ್ತಿತ್ತು. ಆಸ್ಪತ್ರೆಯೋರು ಕೇಳಿದ್ರೆ ಇವರ ಹೆಸರು ತೋರಿಸಿದ್ರೆ ಆಯ್ತು. ಏನಾದ್ರೂ ಅನಾಹುತ ಆದ್ರೂ ಇವರ ಹೆಸರೇ. ಹೌದಾ?"

"ನನಗೆ ಕೊಲ್ಲೋ ಉದ್ದೇಶ ಇರಲಿಲ್ಲ..."

"ಎಲ್ಲಿ ಎಡವಿದ್ರಿ ಗೊತ್ತಾ? ತೀರಾ ಕೆಟ್ಟ ತಟ್ಟೆಗಳಿಗೆ ದೊಡ್ಡಕ್ಕನ ಹೆಸರು ಹಾಕಿಸಿದ್ರಿ. ಅವಳ ಮೂಗು ಅಂದ್ರೆ ಎಲ್ಲರೂ ನಂಬ್ತಾರೆ ಅಂತ. ಆದ್ರೆ ಜ್ವರದಲ್ಲಿ ಅವಳ ಮೂಗು ಸತ್ತುಹೋಗಿತ್ತು. ಅದು ಆಫೀಸಿಗೆ ತಿಳಿಯಬಾರದು ಅಂತ ಅವಳು ಮೂಸೋ ಕಡೆ ಸುಳೀತಾನೇ ಇರಲಿಲ್ಲ. ಅಂಥೋಳು ತನ್ನ ಹೆಸರು ಹಾಕಿ 'ಮೂಸಿ ನೋಡಿದೆ' ಅಂತ ಬರೆಸ್ತಾಳಾ? ಇಲ್ಲಿರೋ ಯಾವ ಹೆಂಗಸೂ ಆ ತಪ್ಪು ಮಾಡ್ತಿರ್ಲಿಲ್ಲ. ಅವಳ ಟೋಪಿ ನೋಡಿದ್ರೆ ಸಾಕಿತ್ತು. ಪಟ್ಟಿ ಹತ್ರ ಒಂದು ದಿನಾನೂ ನಿಲ್ಲದೋರು ಮಾತ್ರ ಮಾಡೋ ತಪ್ಪು ಇದು. ಮೂಸೋರ ನಡುವೆ ಇಷ್ಟು ಸೆಂಟು ಹಾಕ್ಕೊಂಡು ಯಾರಾದ್ರೂ ಬರ್ತಾರಾ?"

ಹೆಂಗಸರ ಗುಂಪಿನಿಂದ ಗಿಡ್ಡಿ ಮುಂದೆ ಬಂದಳು. ತೆರೆಯ ಮೇಲೆ ಇನ್ನೂ ನಿಂತಿದ್ದ ತನ್ನ ಹೆಸರನ್ನು ನೋಡಿದಳು. ಎಷ್ಟು ದಿನದಿಂದ ತನ್ನ ಹೆಸರಿನಲ್ಲಿ ಏನೇನು ಹೊರಗೆ ಹೋಗಿದೆಯೋ ಎಂದು ಲೆಕ್ಕ ಹಾಕುವವಳ ಹಾಗಿತ್ತು ಅವಳ ಮುಖ. ಮ್ಯಾನೇಜರ ಕಾಲ ಬಳಿ ಉಗಿದು ಹೊರಗೆ ಹೋದಳು. ನಾನು ತಡೆಯಲಿಲ್ಲ.

"ಇವರೇನು ದೊಡ್ಡ ಸಾಚಾಗಳಾ?" ಮ್ಯಾನೇಜರಿಗೆ ಈಗ ಸಿಟ್ಟು ಬಂತು. "ಮೂಗಿಲ್ಲದೋಳನ್ನ ಬಚ್ಚಿಟ್ಟುಕೊಂಡಿದ್ರು. ಹತ್ತರಲ್ಲಿ ಒಂಬತ್ತು ಸಲ ಇವರೂ ಹಸಿರೇ ಒತ್ತೋದು. ಅದನ್ನೇ ನಾನು ಬೇಗ ಮಾಡಿಸಿದೆ. ಎಲ್ಲಾ ಕಡೆ ಹೀಗೇ ನಡೆಯುತ್ತೆ ಮೇಡಂ, ನಿಮಗೆ ಗೊತ್ತಿಲ್ಲ."

"ಆ ಹತ್ತನೇದಕ್ಕೇ ಕಣ್ರೀ ಇವರನ್ನ ಅಲ್ಲಿ ಕೂರಿಸಿದ್ದು," ಎಂದ ಎಂಜಿನಿಯರು.

ಕೈಗೆ ಕೋಳ ಹಾಕುವಾಗ ಆ ಸೆಂಟಿನ ವಾಸನೆ ನನ್ನ ಅಂಗೈಗೆ ಮೆತ್ತಿಕೊಂಡಿತು. ಠಾಣೆಗೆ ಬಂದು ಎಷ್ಟು ತೊಳೆದರೂ ಹೋಗಲಿಲ್ಲ. ಕೊಳೆತ ಮೊಟ್ಟೆಯೇ ವಾಸಿ.

* * *

ಮಧ್ಯಾಹ್ನ ದೊಡ್ಡಕ್ಕನನ್ನು ಬಿಟ್ಟೆವು. ಮೂಗು ಬರುವವರೆಗೆ ಚಿಪ್ಪು ನೋಡುವ ಕೆಲಸ ಅವಳಿಗೇ ಇರಬೇಕು,  ಇಲ್ಲದಿದ್ದರೆ ತಾವು ಯಾರೂ ಪಟ್ಟಿಯ ಹತ್ತಿರ ಬರುವುದಿಲ್ಲ ಎಂದು ಹೆಂಗಸರು ಮಾಲೀಕರಿಗೆ ಹೇಳಿ ಕಳಿಸಿದ್ದರು. ಮಗಳು ತಾಯಿಯ ತೋಳು ಹಿಡಿದುಕೊಂಡಿದ್ದಳು. ನಾನೂ ಬಾಗಿಲವರೆಗೆ ಬಂದೆ.

ಮೆಟ್ಟಿಲ ಹತ್ತಿರ ತಾತನ ಮಗ ನಿಂತಿದ್ದ. ಅಪ್ಪನನ್ನು ಮಣ್ಣು ಮಾಡಿ ನೇರ ಬಂದಿದ್ದ. ಬೆಳಗಿನ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಟಿವಿಯಲ್ಲಿ ಕಂಡ ಮುಖವನ್ನು ಗುರುತು ಹಿಡಿದು ಅಡ್ಡ ನಿಂತ.

"ನೀವೇ ಅಲ್ವಾ? ನಮ್ಮಪ್ಪ ತಿಂದದ್ದನ್ನ ಮೂಸಿ ನೋಡಿ, ಸರಿಯಿದೆ ಅಂದೋರು?"

ನಾನು ನಡುವೆ ಹೋಗುವಷ್ಟರಲ್ಲಿ ದೊಡ್ಡಕ್ಕನೇ ಮಾತಾಡಿದಳು.

"ಇಲ್ಲಪ್ಪಾ. ಯಾರೂ ಮೂಸಿಲ್ಲ."

"ಯಾರೂ ಅಂದ್ರೆ?"

"ಯಾರೂ ನೋಡೇ ಇಲ್ಲ ಕಣಪ್ಪಾ. ನೋಡಿದ್ವಿ ಅಂತ ನಮ್ಮ ಹೆಸರು ಮಾತ್ರ ಇತ್ತು."

ಅವನು ನನ್ನ ಕಡೆ ತಿರುಗಿದ. ನಾನು ಹೌದೆಂದು ತಲೆಯಾಡಿಸಿದೆ. ಮಾಡಿದವನು ಒಳಗಿದ್ದಾನೆ, ಬೇಕಾದರೆ ಮುಖ ತೋರಿಸುತ್ತೇನೆ ಎಂದೆ. ಅವನು ಬೇಡವೆಂದು ಕೈಯಾಡಿಸಿದ. ನಿಂತಿದ್ದವನು ಮೆಲ್ಲಗೆ ಮೆಟ್ಟಿಲ ಮೇಲೆ ಕೂತ.

"ಯಾರೋ ನೋಡಿ, ತಪ್ಪು ಮಾಡಿದ್ದಾರೆ ಅಂದ್ಕೊಂಡಿದ್ದೆ," ಎಂದ. "ಒಬ್ರಾದ್ರೂ ನೋಡಿದ್ದಾರೆ ಅಂದ್ಕೊಂಡಿದ್ದೆ."

ದೊಡ್ಡಕ್ಕ ಮಗಳ ಕೈ ಬಿಡಿಸಿಕೊಂಡು ಅವನ ಪಕ್ಕದಲ್ಲಿ ಕೂತಳು.